ತಾರೀಖಿನ ಸಾಮ್ಯ ಮತ್ತು ಚರಿತ್ರೆಯ ಸಂಬಂಧ: ಕ್ರೀಡೆಯ ಇತಿಹಾಸದಲ್ಲಿ ಜೂನ್ 25

ಶಾಸನಗಳನ್ನು ಓದುವವರಿಗೆ ಒಂದು ಅಭ್ಯಾಸವುಂಟು. ಕಲ್ಲಿನ ಮೇಲೆ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳು ಸ್ಫುಟವಾಗಿ ಕಂಡರೂ ಅವರು ಅದನ್ನು ಕೂಡಲೇ ನಂಬಿಬಿಡುವುದಿಲ್ಲ. ಅಲ್ಲಿ ಹೇಳಿರುವ ವಾರ ಯಾವುದೆಂದು ಹುಡುಕುತ್ತಾರೆ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಗಣನೆ ಮಾಡಿ ತಿಥಿಯೂ ವಾರವೂ ಹೊಂದಿಕೊಂಡರೆ ಕಾಲನಿರ್ದೇಶ ವಿಶ್ವಾಸಾರ್ಹವೆನ್ನುತ್ತಾರೆ. ಹೊಂದದಿದ್ದರೆ, ತಪ್ಪು ಬರೆದವನದೋ, ಕೆತ್ತಿದವನದೋ, ಅಥವಾ ಶಾಸನವೇ ಕೂಟವೋ ಎಂಬ ವಿಚಾರಣೆ ಮೊದಲಾಗುತ್ತದೆ. ತಾರೀಖೆಂಬುದು ತಾನೇ ಸತ್ಯವಲ್ಲ, ಪರೀಕ್ಷಿಸಬೇಕಾದ ಒಂದು ಸಾಕ್ಷ್ಯ ಎಂಬ ಪಾಠವನ್ನು ಈ ವಿದ್ಯೆ ನಮಗೆ ಕಲಿಸಿದೆ.

ಈ ಪಾಠವನ್ನು ಆಧುನಿಕ ಚರಿತ್ರೆಯ ವಿಷಯಕ್ಕೆ ಬಂದಾಗ ನಾವು ಮರೆಯುವುದುಂಟು. ‘ಚರಿತ್ರೆಯಲ್ಲಿ ಈ ದಿನ’ ಎಂಬ ತಲೆಬರಹದ ಪಟ್ಟಿಗಳನ್ನು ವಿದ್ಯಾರ್ಥಿಗಳು ಕಾಲೇಜಿನ ಭಿತ್ತಿಪತ್ರಿಕೆಗಳಲ್ಲಿ ಉತ್ಸಾಹದಿಂದ ಸಂಕಲಿಸುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ. ನಾವೂ ಆ ವಯಸ್ಸಿನಲ್ಲಿ ಅಂಥವನ್ನು ಬರೆದವರೇ. ಆದರೆ ಒಂದೇ ತಾರೀಖಿನ ಕೆಳಗೆ ಎರಡು ಘಟನೆಗಳನ್ನು ಬರೆದ ಮಾತ್ರಕ್ಕೆ ಅವುಗಳ ನಡುವೆ ಸಂಬಂಧವೊಂದು ತನಗೆ ತಾನೇ ಹುಟ್ಟಿಕೊಳ್ಳುತ್ತದೆ. ಓದುವವನು ಅದನ್ನು ವಿಧಿಯೆಂದೂ ಯೋಗವೆಂದೂ ಭಾವಿಸಿ ಮುಂದೆ ಹೋಗುತ್ತಾನೆ. ಕ್ರೀಡೆಯ ಇತಿಹಾಸದಲ್ಲಿ ಈ ಪ್ರವೃತ್ತಿ ವಿಶೇಷವಾಗಿ ಬೆಳೆದಿದೆ. ಆದಕಾರಣ ಅಲ್ಲಿಂದಲೇ ಒಂದು ತಾರೀಖನ್ನು ಆಯ್ದುಕೊಂಡು, ಶಾಸನಪರೀಕ್ಷೆಯ ಕ್ರಮವನ್ನು ಅದಕ್ಕೆ ಅನ್ವಯಿಸಿದರೆ ಏನು ದೊರೆಯುವುದೆಂದು ನೋಡೋಣ. ಆ ತಾರೀಖು ಜೂನ್ 25.

1932ನೆಯ ಇಸವಿಯ ಜೂನ್ 25ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತದ ಕ್ರಿಕೆಟ್ ತಂಡ ತನ್ನ ಪ್ರಪ್ರಥಮ ಟೆಸ್ಟ್ ಪಂದ್ಯವನ್ನು ಆಡತೊಡಗಿತು. 1983ರ ಜೂನ್ 25ರಂದು ಅದೇ ಮೈದಾನದಲ್ಲಿ ಭಾರತದ ತಂಡ ವೆಸ್ಟ್ ಇಂಡೀಸನ್ನು ಸೋಲಿಸಿ ವಿಶ್ವಕಪ್ಪನ್ನು ಪಡೆಯಿತು. ಎರಡರ ನಡುವೆ ಸರಿಯಾಗಿ ಐವತ್ತೊಂದು ವರ್ಷ. ಇದನ್ನು ಕೇಳಿದ ಯಾರಿಗಾದರೂ ರೋಮಾಂಚವಾಗುವುದು ಸಹಜ.

ಮೊದಲನೆಯ ಪಂದ್ಯದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಎರಡನೆಯದರ ಪ್ರಭೆಯಲ್ಲಿ ಅದು ಮಸುಕಾಗಿಹೋಗಿದೆ. ಭಾರತದ ಕ್ರಿಕೆಟ್ ನಿಯಂತ್ರಣ ಮಂಡಲಿ ಸ್ಥಾಪಿತವಾದುದು 1928ರಲ್ಲಿ. ನಾಲ್ಕು ವರ್ಷದ ತರುವಾಯ ಇಂಗ್ಲೆಂಡಿಗೆ ಹೋದ ತಂಡಕ್ಕೆ ಪೋರಬಂದರಿನ ಮಹಾರಾಜರು ನಾಯಕರು, ಲಿಂಬಡಿಯ ಘನಶ್ಯಾಮಸಿಂಹಜಿಯವರು ಉಪನಾಯಕರು. ತಂಡದ ಯಜಮಾನಿಕೆ ರಾಜಮನೆತನದವರಿಗೇ ಸಲ್ಲಬೇಕೆಂಬುದು ಆ ಕಾಲದ ರೂಢಿ. ಆದರೆ ಮಹಾರಾಜರು ತಮ್ಮ ಆಟದ ಮಿತಿಯನ್ನು ಅರಿತು ಟೆಸ್ಟ್ ಪಂದ್ಯದಿಂದ ಹಿಂದೆ ಸರಿದರು, ಉಪನಾಯಕರೂ ಆಡಲಿಲ್ಲ; ನಾಯಕತ್ವ ಸಿ. ಕೆ. ನಾಯುಡು ಅವರಿಗೆ ಬಂದಿತು. ತಮ್ಮ ಮಿತಿಯನ್ನು ತಾವೇ ಅರಿತು ಸ್ಥಾನ ಬಿಟ್ಟುಕೊಟ್ಟವರ ಸಂಖ್ಯೆ ಚರಿತ್ರೆಯಲ್ಲಿ ದೊಡ್ಡದಲ್ಲವಾದ್ದರಿಂದ ಪೋರಬಂದರಿನ ಮಹಾರಾಜರನ್ನು ಇಲ್ಲಿ ಗೌರವದಿಂದ ನೆನೆಯುವುದು ನ್ಯಾಯ.

ಟಾಸ್ ಗೆದ್ದ ಇಂಗ್ಲೆಂಡ್ ಮೊದಲು ಆಡಿತು. ಆಟ ಆರಂಭಿಸಿದವರು ಹೋಮ್ಸ್ ಮತ್ತು ಸಟ್‌ಕ್ಲಿಫ್. ಹತ್ತು ದಿನ ಮೊದಲಷ್ಟೇ ಯಾರ್ಕ್‌ಷೈರ್ ಪರವಾಗಿ ಎಸೆಕ್ಸ್ ವಿರುದ್ಧ ಮೊದಲ ವಿಕೆಟ್ಟಿಗೆ 555 ರನ್ನುಗಳನ್ನು ಕೂಡಿಹಾಕಿದ್ದ ಜೋಡಿ ಅದು. ಹೋಷಿಯಾರಪುರದ ಮಹಮ್ಮದ್ ನಿಸ್ಸಾರ್ ಆ ಇಬ್ಬರ ವಿಕೆಟ್ಟನ್ನೂ ಉರುಳಿಸಿದರು. ವೂಲಿ ರನ್ ಔಟಾದರು. ಆ ಚೆಂಡನ್ನು ಹಿಡಿದೆಸೆದವರು ಮಲಯದ ಕ್ವಾಲಾಲಂಪುರದಲ್ಲಿ ಹುಟ್ಟಿ ಬೆಳೆದ ಲಾಲ್ ಸಿಂಗ್. ಅರ್ಧ ಗಂಟೆ ಕಳೆಯುವುದರೊಳಗೆ ಇಂಗ್ಲೆಂಡಿನ ಗಣನೆ 3 ವಿಕೆಟ್ಟಿಗೆ 19. ಅಲ್ಲಿಂದ ಅವರನ್ನು ಎತ್ತಿ ನಿಲ್ಲಿಸಿದವರು ನಾಯಕ ಜಾರ್ಡೀನ್ (79) ಮತ್ತು ಏಮ್ಸ್ (65). ಒಟ್ಟು 259, ನಿಸ್ಸಾರರಿಗೆ 93 ರನ್ನಿಗೆ 5 ವಿಕೆಟ್ಟು. ಭಾರತದ ಉತ್ತರ 189. ಅದರಲ್ಲಿ ಎಲ್ಲರಿಗಿಂತ ಹೆಚ್ಚಿನದು, ಪೆಟ್ಟಾದ ಕೈಯಲ್ಲಿ ಆಡಿದ ನಾಯುಡು ಅವರ 40. ಇಂಗ್ಲೆಂಡ್ 8 ವಿಕೆಟ್ಟಿಗೆ 275ರಲ್ಲಿ ಡಿಕ್ಲೇರ್ ಮಾಡಿತು. ಭಾರತ 187ಕ್ಕೆ ಮುಗಿದು 158 ರನ್ನುಗಳಿಂದ ಸೋತಿತು. ಆ ಕೊನೆಯ ಸರದಿಯಲ್ಲಿ ಅಮರ್‌ಸಿಂಗ್ ಬಾಲಂಗೋಚಿಗಳ ನಡುವೆ ನಿಂತು 51 ಹೊಡೆದರು. ಟೆಸ್ಟ್ ಪಂದ್ಯದಲ್ಲಿ ಭಾರತದ ಪರವಾಗಿ ಬಂದ ಮೊದಲ ಅರ್ಧಶತಕ ಅದು.

ಆ ವಾರ ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿದ್ದರು, ಕಾಂಗ್ರೆಸ್ಸು ನಿಷಿದ್ಧ ಸಂಸ್ಥೆಯಾಗಿತ್ತು. ಹೀಗಿರುವಲ್ಲಿ ಸಾಮ್ರಾಜ್ಯದ ರಾಜಧಾನಿಯಲ್ಲಿ ‘ಭಾರತ’ ಎಂಬ ಹೆಸರಿನಿಂದ ಹನ್ನೊಂದು ಜನ ಕಣಕ್ಕಿಳಿದುದರ ಅರ್ಥವೇನು ಎಂಬುದು ಬೇರೆಯೇ ಒಂದು ಪ್ರಬಂಧಕ್ಕೆ ವಸ್ತು. ಇಲ್ಲಿ ನಮಗೆ ಬೇಕಾದುದು ತಾರೀಖಿನ ಪ್ರಶ್ನೆ.

ಶಾಸನಕಾರರ ಕ್ರಮದಂತೆ ಮೊದಲು ವಾರವನ್ನು ನೋಡೋಣ. 1932ರ ಜೂನ್ 25 ಶನಿವಾರ. 1983ರ ಜೂನ್ 25ನ್ನು ನೋಡಿದರೆ ಅದೂ ಶನಿವಾರವೇ. ಗಣನೆ ಸುಲಭ: ಐವತ್ತೊಂದು ವರ್ಷಗಳಿಗೆ ಐವತ್ತೊಂದು ದಿನ ವಾರ ಮುಂದೆ ಸರಿಯುತ್ತದೆ, ನಡುವೆ ಬಂದ ಫೆಬ್ರವರಿ 29ಗಳು ಹನ್ನೆರಡು, ಒಟ್ಟು ಅರವತ್ತಮೂರು, ಅಂದರೆ ಸರಿಯಾಗಿ ಒಂಬತ್ತು ವಾರ. ನಮ್ಮ ಪಂಚಾಂಗದಲ್ಲಾದರೋ ಈ ಎರಡು ದಿನಗಳಿಗೆ ಸಾಮ್ಯವೇ ಇಲ್ಲ. ಮೊದಲನೆಯದು ಆಂಗೀರಸ ಸಂವತ್ಸರದ ಜ್ಯೇಷ್ಠ ಬಹುಳ ಪಕ್ಷದಲ್ಲಿ ಬಂದಿತು; ಎರಡನೆಯದು ರುಧಿರೋದ್ಗಾರಿ ಸಂವತ್ಸರದ ಜ್ಯೇಷ್ಠ ಶುದ್ಧ ಪೂರ್ಣಿಮೆ, ನಮ್ಮ ರೈತರು ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ. ಯೋಗವೆಂದು ಹೇಳುವವರು ಯಾವ ಪಂಚಾಂಗದ ಯೋಗವೆಂಬುದನ್ನೂ ಹೇಳಬೇಕಾಗುತ್ತದೆ.

ಹಾಗಾದರೆ ಇದು ಬರಿಯ ಆಕಸ್ಮಿಕವೆ? ಹಾಗೆಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಭಾರತದ ತಂಡ ಲಾರ್ಡ್ಸಿನಲ್ಲಿ ಆಡಿದ ಟೆಸ್ಟುಗಳ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಬೇಕು. 1936ರಲ್ಲಿ ಆಟ ಮೊದಲಾದುದು ಜೂನ್ 27ರ ಶನಿವಾರ. 1946ರಲ್ಲಿ ಜೂನ್ 22ರ ಶನಿವಾರ, ಮುಗಿದುದು ಜೂನ್ 25ರಂದೇ. 1952ರಲ್ಲಿ ವಿನೂ ಮಂಕಡರು 72 ಮತ್ತು 184 ಹೊಡೆದು ಮೆರೆದ ಪಂದ್ಯ ಜೂನ್ 19ರಿಂದ 24ರವರೆಗೆ ನಡೆಯಿತು. 1959, 1967, 1974, ಇವೂ ಜೂನ್ ತಿಂಗಳ ಉತ್ತರಾರ್ಧದಲ್ಲಿಯೇ ಆದವು. 1967ರ ಜೂನ್ 25 ಭಾನುವಾರವಾದ್ದರಿಂದ ಅಂದು ಪಂದ್ಯಕ್ಕೆ ವಿರಾಮವಿತ್ತು, ಅಷ್ಟೆ. ಇಂಗ್ಲೆಂಡಿನ ಬೇಸಗೆಯಲ್ಲಿ ಲಾರ್ಡ್ಸಿನ ಟೆಸ್ಟಿಗೆ ಒಂದು ನಿಯತಕಾಲ ಏರ್ಪಟ್ಟಿತ್ತು, ನಮ್ಮಲ್ಲಿ ಜಾತ್ರೆಗಳಿಗೆ ಇರುವ ಹಾಗೆ. ಶನಿವಾರ ಮೊದಲುಮಾಡುವುದಕ್ಕೂ ಕಾರಣವಿದೆ: ದುಡಿಯುವ ಜನಕ್ಕೆ ಮಧ್ಯಾಹ್ನದ ಬಿಡುವು ದೊರೆಯುತ್ತಿದ್ದುದು ಅಂದು, ಭಾನುವಾರ ಆಟವಿಲ್ಲ.

ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೂ ಇದೇ ಕಟ್ಟು. ಮೊದಲ ಮೂರು ವಿಶ್ವಕಪ್ಪುಗಳು ಇಂಗ್ಲೆಂಡಿನಲ್ಲಿಯೇ ನಡೆದವು, ಮೂರರ ಅಂತಿಮ ಪಂದ್ಯವೂ ಲಾರ್ಡ್ಸಿನಲ್ಲಿಯೇ ಆಯಿತು. ತಾರೀಖುಗಳು 1975ರ ಜೂನ್ 21, 1979ರ ಜೂನ್ 23, 1983ರ ಜೂನ್ 25, ಮೂರೂ ಶನಿವಾರಗಳು. ಒಂದೊಂದು ಪಕ್ಷಕ್ಕೆ ಅರವತ್ತು ಓವರುಗಳಂತೆ ಒಂದೇ ದಿನದಲ್ಲಿ ಆಟ ಮುಗಿಸಬೇಕಾದರೆ ಉತ್ತರ ಅಕ್ಷಾಂಶದ ದೀರ್ಘ ಹಗಲೇ ಬೇಕು. 1975ರ ಅಂತಿಮ ಪಂದ್ಯ ಬೆಳಿಗ್ಗೆ ಹನ್ನೊಂದಕ್ಕೆ ಮೊದಲಾಗಿ ಸಂಜೆ ಎಂಟೂವರೆ ದಾಟಿದ ಮೇಲೆ ಮುಗಿಯಿತು, ದೀಪಗಳಿಲ್ಲದೆ. 1987ರಲ್ಲಿ ಈ ಸ್ಪರ್ಧೆ ಭಾರತ-ಪಾಕಿಸ್ತಾನಗಳಿಗೆ ಬಂದಾಗ ನಮ್ಮ ಹಗಲು ಚಿಕ್ಕದೆಂಬ ಕಾರಣದಿಂದ ಓವರುಗಳು ಐವತ್ತಕ್ಕೆ ಇಳಿದವು. ಹೀಗೆ ಸೂರ್ಯನ ಗತಿ, ಕ್ರೈಸ್ತರ ಭಾನುವಾರ, ಕಾರ್ಖಾನೆಯ ಶನಿವಾರ, ಲಾರ್ಡ್ಸಿನ ಸಂಪ್ರದಾಯ, ಇವು ಕೂಡಿ ಆಟವನ್ನು ಎರಡು ಮೂರು ದಿನಗಳಷ್ಟು ಇಕ್ಕಟ್ಟಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದವು. 365ರಲ್ಲಿ ಒಂದು ಎಂಬ ಲೆಕ್ಕ ಇಲ್ಲಿ ಸಲ್ಲದು.

ಆದರೆ ಆ ದಿನ ಭಾರತ ಅಲ್ಲಿ ಇದ್ದುದು ಮಾತ್ರ ಯಾವ ಕಟ್ಟಿನಿಂದಲೂ ಆದುದಲ್ಲ. ಹಿಂದಿನ ಎರಡು ಸ್ಪರ್ಧೆಗಳಲ್ಲಿ ಸೇರಿ ಭಾರತ ಗೆದ್ದಿದ್ದುದು ಪೂರ್ವ ಆಫ್ರಿಕದ ಮೇಲಿನ ಒಂದೇ ಪಂದ್ಯ. 1983ರಲ್ಲಿ ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಜಿಂಬಾಬ್ವೆ ಎದುರು ಸೋಲಿನ ಅಂಚಿಗೆ ಹೋದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಮುರಿಯದ ಒಂಬತ್ತನೆಯ ವಿಕೆಟ್ಟಿನ 126 ರನ್ನುಗಳಲ್ಲಿ ಅವರಿಗೆ ಜೊತೆಯಾಗಿ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಅಂತಿಮ ಪಂದ್ಯದಲ್ಲಿ ಭಾರತ ಮೊದಲು ಆಡಿ 183ಕ್ಕೆ ಮುಗಿಯಿತು. ಶ್ರೀಕಾಂತರ 38ಕ್ಕಿಂತ ಹೆಚ್ಚು ಹೊಡೆದವರಿಲ್ಲ. ಕೊನೆಯ ಜೋಡಿ ಕಿರ್ಮಾನಿ ಮತ್ತು ಸಂಧು ಕೂಡಿಸಿದ 22 ರನ್ನುಗಳನ್ನು ಆಗ ಯಾರೂ ಗಣ್ಯವೆಂದು ಭಾವಿಸಿರಲಾರರು. ಹಿಂದಿನ ಎರಡು ಕಪ್ಪುಗಳನ್ನೂ ಗೆದ್ದಿದ್ದ ವೆಸ್ಟ್ ಇಂಡೀಸಿನವರು 140ಕ್ಕೆ ಉರುಳಿದರು. ಸಂಧು ಎಸೆದ ಚೆಂಡನ್ನು ಬಿಟ್ಟುಕೊಟ್ಟು ಗ್ರೀನಿಜ್ ಬೌಲ್ಡಾದರು. ಬೀಸಿ ಹೊಡೆಯುತ್ತಿದ್ದ ರಿಚರ್ಡ್ಸ್ 33ರಲ್ಲಿ ಮದನಲಾಲರ ಚೆಂಡನ್ನು ಎತ್ತಿದಾಗ ಕಪಿಲ್ ದೇವ್ ಹಿಂದಕ್ಕೆ ಓಡುತ್ತ ಹಿಡಿದರು. ನಾಯಕ ಲಾಯ್ಡ್ ಬಿದ್ದುದು ಬೆಂಗಳೂರಿನ ರೋಜರ್ ಬಿನ್ನಿಯವರಿಗೆ. ಆ ಸ್ಪರ್ಧೆಯಲ್ಲಿ ಬಿನ್ನಿಯವರು ಗಳಿಸಿದ 18 ವಿಕೆಟ್ಟುಗಳನ್ನು ಮೀರಿದವರು ಯಾವ ತಂಡದಲ್ಲಿಯೂ ಇರಲಿಲ್ಲ. ಮೊಹಿಂದರ್ ಅಮರನಾಥರಿಗೆ 12 ರನ್ನಿಗೆ 3. ಗೆಲುವಿನ ಅಂತರ 43 ರನ್ನು.

ಕ್ರಿಕೆಟ್ಟನ್ನು ಬಿಟ್ಟು ಬೇರೊಂದು ಆಟದಲ್ಲಿ ಈ ಪರೀಕ್ಷೆ ನಿಲ್ಲುವುದೇ ಎಂದು ನೋಡಲು ನಾವು ಅದೇ ತಾರೀಖನ್ನು ನ್ಯೂಯಾರ್ಕಿನಲ್ಲಿ ಹುಡುಕಿದೆವು. 1935ರ ಜೂನ್ 25ರಂದು ಯಾಂಕಿ ಸ್ಟೇಡಿಯಂನಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಇಪ್ಪತ್ತೊಂದು ವರ್ಷದ ನೀಗ್ರೋ ಮುಷ್ಟಿಮಲ್ಲ ಜೋ ಲೂಯಿ (ಅಂದಿನ ಪತ್ರಿಕೆಗಳ ಶಬ್ದವನ್ನೇ ಇಲ್ಲಿ ಬಳಸಿದ್ದೇವೆ, ಇಂದು ಅದನ್ನು ಕೈಬಿಟ್ಟಿದ್ದಾರೆ) ಇಟಲಿಯ ದೈತ್ಯಾಕಾರದ ಪ್ರೀಮೊ ಕಾರ್ನೆರನನ್ನು ಆರನೆಯ ಸುತ್ತಿನಲ್ಲಿ ಮಣಿಸಿದನು. ಮುಸೊಲಿನಿ ಆಗ ಇಥಿಯೋಪಿಯದ ಮೇಲೆ ಕಣ್ಣಿಟ್ಟಿದ್ದನು. ಅಕ್ಟೋಬರಿನಲ್ಲಿ ದಂಡೆತ್ತಿಯೂ ಹೋದನು. ಅಮೆರಿಕದ ಕರಿಯ ಜನ ಆ ಕಾಳಗವನ್ನು ಬರಿಯ ಆಟವೆಂದು ನೋಡಲಿಲ್ಲ. ಹದಿಮೂರು ವರ್ಷದ ಮೇಲೆ, 1948ರ ಜೂನ್ 25ರಂದು, ಅದೇ ಸ್ಟೇಡಿಯಂನಲ್ಲಿ ಅದೇ ಲೂಯಿ ಜೆರ್ಸಿ ಜೋ ವಾಲ್‌ಕಾಟನನ್ನು ಹನ್ನೊಂದನೆಯ ಸುತ್ತಿನಲ್ಲಿ ಕೆಡವಿ, ಮರುವರ್ಷ ಪಟ್ಟ ಬಿಟ್ಟುಕೊಟ್ಟನು. ಆಟಗಾರ, ಸ್ಥಳ, ತಾರೀಖು ಮೂರೂ ಒಂದೇ! ಆದರೆ ಲೂಯಿಯ ಇತರ ದೊಡ್ಡ ಕಾಳಗಗಳನ್ನೂ ಸೇರಿಸಿ ನೋಡಿ: 1936ರ ಜೂನ್ 19, 1937ರ ಜೂನ್ 22, 1938ರ ಜೂನ್ 22, 1941ರ ಜೂನ್ 18, 1946ರ ಜೂನ್ 19. ಅವೆಲ್ಲ ಬೇಸ್‌ಬಾಲ್ ಮೈದಾನಗಳಲ್ಲಿ, ಬಯಲಿನಲ್ಲಿ, ಬೇಸಗೆಯ ರಾತ್ರಿಗಳಲ್ಲಿ ನಡೆದವು. ಲಕ್ಷದ ಮಾತಾಡುವ ಜನಸಂದಣಿಗೆ ಆ ಕಾಲದಲ್ಲಿ ಬೇರೆ ಎಡೆಯಿರಲಿಲ್ಲ. ಲಾರ್ಡ್ಸಿನಲ್ಲಿ ಕಂಡ ಕಟ್ಟೇ ಇಲ್ಲಿಯೂ ಕಾಣುತ್ತದೆ.

ಯಾವ ಕಟ್ಟೂ ಇಲ್ಲದ ಶುದ್ಧ ಆಕಸ್ಮಿಕಗಳೂ ಉಂಟು. 1936ರ ಬರ್ಲಿನ್ ಒಲಿಂಪಿಕ್ ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿದುದು ಆಗಸ್ಟ್ 15ರಂದು ಎಂಬುದನ್ನು ಅನೇಕರು ಭಾವುಕರಾಗಿ ಬರೆದಿದ್ದಾರೆ. ಪಂದ್ಯ ಗೊತ್ತಾಗಿದ್ದುದು 14ರಂದು. ಮಳೆ ಬಂದು ಒಂದು ದಿನ ಮುಂದಕ್ಕೆ ಹೋಯಿತು. 1947ರ ಆಗಸ್ಟ್ 15ನ್ನು ಮೌಂಟ್‌ಬ್ಯಾಟನ್ ಆರಿಸಿಕೊಂಡುದಾದರೂ ಜಪಾನಿನ ಶರಣಾಗತಿಯ ಎರಡನೆಯ ವಾರ್ಷಿಕ ದಿನವೆಂಬ ಕಾರಣದಿಂದ. ಬರ್ಲಿನ್ನಿನ ಮಳೆಗೂ ಅದಕ್ಕೂ ಏನು ಸಂಬಂಧ? ಸ್ವಾತಂತ್ರ್ಯದೊಡನೆ ಆ ಪಂದ್ಯಕ್ಕಿರುವ ನಿಜವಾದ ನಂಟು ಬೇರೆ ಕಡೆ ಇದೆ. ಆಟಕ್ಕೆ ಮುನ್ನ ತಂಡದವರು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ವಂದಿಸಿದರೆಂದು ಧ್ಯಾನ್‌ಚಂದರು ಆತ್ಮಕಥೆಯಲ್ಲಿ ಹೇಳಿದ್ದಾರೆ. ತಾರೀಖಿನ ಬೆರಗಿನಲ್ಲಿ ಮುಳುಗಿದವರು ಆ ಧ್ವಜವನ್ನು ಮರೆಯುತ್ತಾರೆ. ನಮ್ಮ ಆಕ್ಷೇಪಣೆ ಇಷ್ಟೇ.

ಇಷ್ಟರಿಂದ ತಾರೀಖು ಎಂಬುದು ಘಟನೆಯ ಮೇಲೆ ಅಂಟಿಸಿದ ಚೀಟಿಯಷ್ಟೇ ಎಂದು ತೀರ್ಮಾನಿಸುವ ಹಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಒಂದು ಜೂನ್ 25 ಆ ತೀರ್ಮಾನಕ್ಕೆ ಅಡ್ಡ ನಿಲ್ಲುತ್ತದೆ.

1978ರ ಜೂನ್ 25ರಂದು ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನ ನೆದರ್ಲೆಂಡ್ಸನ್ನು 3-1ರಿಂದ ಸೋಲಿಸಿ ಫುಟ್‌ಬಾಲಿನ ವಿಶ್ವಕಪ್ಪನ್ನು ಗೆದ್ದಿತು; ದೇಶ ಆಗ ಸೇನಾಧಿಕಾರಿ ವಿಡೇಲನ ಆಳಿಕೆಯಲ್ಲಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಬ್ರೆಜಿಲ್ ಪೋಲೆಂಡನ್ನು 3-1ರಿಂದ ಗೆದ್ದಿತು. ಅದರ ತರುವಾಯ ಅದೇ ದಿನ ಅರ್ಜೆಂಟೀನ ಪೆರುವಿನ ಮೇಲೆ ಆಡಿತು. ನಾಲ್ಕು ಗೋಲುಗಳ ಅಂತರ ಬೇಕೆಂಬುದನ್ನು ಮುಂಚೆಯೇ ಅರಿತು ಆರು ಹೊಡೆಯಿತು. ಯಾರು ಮೊದಲು ಆಡುತ್ತಾರೆ, ಯಾರು ಅನಂತರ ಆಡುತ್ತಾರೆ ಎಂಬುದೇ ಒಂದು ಅನುಕೂಲವಾಗಬಲ್ಲುದೆಂದು ಅಂದೇ ತಿಳಿದಿರಬೇಕಾಗಿತ್ತು. ಆದರೂ 1982ರ ಸ್ಪರ್ಧೆಯ ಕಾರ್ಯಕ್ರಮ ಅದೇ ರೀತಿ ಸಿದ್ಧವಾಯಿತು.

ಆ ವರ್ಷ ಸ್ಪೇನಿನಲ್ಲಿ ಅಲ್ಜೀರಿಯ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿತು. ಆಸ್ಟ್ರಿಯದ ಎದುರು 0-2ರಿಂದ ಸೋತರೂ, ಜೂನ್ 24ರಂದು ಓವಿಯೆದೊ ನಗರದಲ್ಲಿ ಚಿಲಿಯನ್ನು 3-2ರಿಂದ ಗೆದ್ದಿತು. ಅದೇ ಗುಂಪಿನ ಕೊನೆಯ ಪಂದ್ಯ, ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಗಳದು, ಮರುದಿನ ಜೂನ್ 25ರಂದು ಹಿಹೋನ್ ನಗರದಲ್ಲಿ. ಜರ್ಮನಿ ಒಂದು ಅಥವಾ ಎರಡು ಗೋಲುಗಳಿಂದ ಗೆದ್ದರೆ ಗೋಲುಗಳ ಅಂತರದ ಮೇಲೆ ಆ ಎರಡು ತಂಡಗಳೂ ಮುಂದೆ ಹೋಗುತ್ತವೆ, ಅಲ್ಜೀರಿಯ ಮನೆಗೆ ಹೋಗುತ್ತದೆ ಎಂಬ ಲೆಕ್ಕ ಇಬ್ಬರಿಗೂ ಒಂದು ದಿನ ಮೊದಲೇ ಗೊತ್ತಾಗಿತ್ತು. ಹತ್ತನೆಯ ನಿಮಿಷದ ಹೊತ್ತಿಗೆ ಹ್ರುಬೆಷ್ ಜರ್ಮನಿಗೆ ಗೋಲು ಹೊಡೆದನು. ಉತ್ತರಾರ್ಧದಲ್ಲಿ ನಡೆದುದನ್ನು ಆಟವೆಂದು ಕರೆಯುವುದು ಕಷ್ಟ: ಚೆಂಡು ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಉರುಳುತ್ತಿತ್ತು, ಅಲ್ಜೀರಿಯದ ಅಭಿಮಾನಿಗಳು ನೋಟುಗಳನ್ನು ಎತ್ತಿ ತೋರಿಸುತ್ತಿದ್ದರು. ಊರಿನ ಪತ್ರಿಕೆ ಆ ಪಂದ್ಯದ ವರದಿಯನ್ನು ಅಪರಾಧ ವಾರ್ತೆಗಳ ಪುಟದಲ್ಲಿ ಅಚ್ಚುಹಾಕಿತು. ಅಲ್ಜೀರಿಯದ ದೂರನ್ನು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ತಳ್ಳಿಹಾಕಿತು, ನಿಯಮವೇನೂ ಮುರಿದಿರಲಿಲ್ಲವಲ್ಲ! ಆದರೆ 1986ರಿಂದೀಚೆಗೆ ಒಂದು ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ದಿನ, ಒಂದೇ ಗಳಿಗೆಯಲ್ಲಿ ಮೊದಲಾಗುವಂತೆ ಏರ್ಪಾಟಾಯಿತು. ಇಲ್ಲಿ 24 ಮತ್ತು 25ರ ನಡುವಿನ ಅಂತರವೇ ಘಟನೆಯ ಕಾರಣ. ಆ ಪಂದ್ಯವನ್ನು 24ರಂದೇ ಆಡಿಸಿದ್ದಿದ್ದರೆ ಅಲ್ಜೀರಿಯದ ಗತಿ ಏನಾಗುತ್ತಿತ್ತೋ ಹೇಳಲಾಗದು, ಆದರೆ ಹಿಹೋನಿನ ಈ ಚರಿತ್ರೆ ಇರುತ್ತಿರಲಿಲ್ಲ.

1988ರ ಜೂನ್ 25ರಂದು ಮ್ಯೂನಿಕ್ಕಿನಲ್ಲಿ ಫಾನ್ ಬಾಸ್ಟನ್ ಹೊಡೆದ ಗೋಲನ್ನು ಕಂಡವರು ಮರೆತಿಲ್ಲ. ನಮ್ಮ ವಿಚಾರಕ್ಕೆ ಅದರಿಂದ ಹೆಚ್ಚಿನ ಬೆಳಕು ದೊರೆಯದು.

ಈಗ ಮತ್ತೆ ಲಾರ್ಡ್ಸಿಗೆ. ತಾರೀಖಿನ ಸಾಮ್ಯಕ್ಕಿಂತ ನಮ್ಮನ್ನು ಹೆಚ್ಚಾಗಿ ಯೋಚನೆಗೀಡುಮಾಡಿದುದು ಹೆಸರಿನ ಸಾಮ್ಯ. ಎರಡೂ ದಿನ ಆಡಿದುದು ‘ಭಾರತ’ ಎಂದು ಪಟ್ಟಿಗಳು ಹೇಳುತ್ತವೆ. ಶಾಸನಗಳಲ್ಲಿ ಒಂದೇ ನಾಡಿನ ಹೆಸರು ಎರಡು ಶತಮಾನಗಳಲ್ಲಿ ಬಂದರೆ ಅದರ ಎಲ್ಲೆ ಒಂದೇ ಎಂದು ನಾವು ಹೇಳುವುದಿಲ್ಲ. ಇಲ್ಲಿ ಐವತ್ತೊಂದೇ ವರ್ಷದಲ್ಲಿ ಎಲ್ಲೆ ಬದಲಾಗಿದೆ. 1932ರ ಹನ್ನೊಂದು ಜನರಲ್ಲಿ ನಿಸ್ಸಾರ್, ಜಲಂಧರಿನ ಸೋದರರಾದ ವಜೀರ್ ಅಲಿ ಮತ್ತು ನಜೀರ್ ಅಲಿ, ಜಹಾಂಗೀರ್ ಖಾನ್, ಈ ನಾಲ್ವರು ದೇಶವಿಭಜನೆಯ ತರುವಾಯ ಪಾಕಿಸ್ತಾನದವರಾದರು. ಭಾರತದ ಪರವಾಗಿ ಮೊದಲ ಚೆಂಡನ್ನು ಎದುರಿಸಲು ಇಳಿದ ಜೋಡಿಯಲ್ಲಿ ಒಬ್ಬರಾದ ನವೂಮಲ್ ಜೆವೂಮಲ್ ಕರಾಚಿಯವರು. ಭಾರತದ ಮೊದಲ ಟೆಸ್ಟ್ ವಿಕೆಟ್ಟನ್ನು ಪಡೆದ ನಿಸ್ಸಾರ್ 1963ರಲ್ಲಿ ಲಾಹೋರಿನಲ್ಲಿ ಕಾಲವಾದರು. ಅಮರ್‌ಸಿಂಗ್ 1940ರಲ್ಲಿಯೇ ತೀರಿಕೊಂಡರು, ನಾಯುಡು 1967ರಲ್ಲಿ. ಅಂದಿನವರಲ್ಲಿ ನಮ್ಮ ನಾಡಿನ ನಂಟಿದ್ದವರು ಪಿ. ಇ. ಪಾಲಿಯಾ, ಮುಂಬಯಿಯಲ್ಲಿ ಹುಟ್ಟಿದರೂ ಅವರು ಮುಂದೆ ಮೈಸೂರು ತಂಡಕ್ಕೆ ಆಡಿ, ಬೆಂಗಳೂರಿನಲ್ಲಿ 1981ರಲ್ಲಿ ನಿಧನರಾದರು. ಇನ್ನೆರಡು ವರ್ಷ ಬದುಕಿದ್ದರೆ ಬಿನ್ನಿ, ಕಿರ್ಮಾನಿಯರನ್ನು ಆ ಮೈದಾನದಲ್ಲಿ ನೋಡುತ್ತಿದ್ದರು.

1983ರ ಜೂನ್ 25ರ ಸಂಜೆ ಕಪಿಲ್ ದೇವ್ ಲಾರ್ಡ್ಸಿನ ಮೇಲುಪ್ಪರಿಗೆಯಲ್ಲಿ ಕಪ್ಪನ್ನು ಎತ್ತಿ ಹಿಡಿದಾಗ 1932ರ ಹನ್ನೊಂದು ಜನರಲ್ಲಿ ಜೀವಿಸಿದ್ದವರು ಇಬ್ಬರು. ಒಬ್ಬರು ವೂಲಿಯನ್ನು ರನ್ ಔಟ್ ಮಾಡಿದ ಲಾಲ್ ಸಿಂಗ್, ಮತ್ತೊಬ್ಬರು ಇಂಗ್ಲೆಂಡಿನ ಎರಡನೆಯ ಸರದಿಯಲ್ಲಿ 4 ವಿಕೆಟ್ಟುಗಳನ್ನು ಪಡೆದ ಜಹಾಂಗೀರ್ ಖಾನ್. ಲಾಲ್ ಸಿಂಗ್ 1985ರಲ್ಲಿ ಕ್ವಾಲಾಲಂಪುರದಲ್ಲಿಯೂ, ಜಹಾಂಗೀರ್ ಖಾನ್ 1988ರಲ್ಲಿ ಲಾಹೋರಿನಲ್ಲಿಯೂ ಕೊನೆಯುಸಿರೆಳೆದರು.